ಖಾಕಿ ತೊಡುವ ಮುನ್ನ

ಮೇಟಗಳ್ಳಿಯ ಹುಡುಗ ಹುಡುಗಿಯರೇ, ನಿಮ್ಮಲ್ಲಿ ಎಷ್ಟೋ ಮಂದಿಯ ಮನೆಯಲ್ಲಿ ಊಟ, ನಿದ್ದೆ, ಹಬ್ಬ ಎಲ್ಲವೂ ಕಾರ್ಖಾನೆಯ ಪಾಳಿಗೆ ತಕ್ಕಂತೆ ನಡೆಯುತ್ತವೆ. ಕೆಆರ್‌ಎಸ್ ರಸ್ತೆಯ ಟೈರ್ ಕಾರ್ಖಾನೆಯ ಫಲಕದಲ್ಲಿ ಹೆಸರು ಬದಲಾಗಿ ವರ್ಷಗಳೇ ಕಳೆದರೂ ನಿಮ್ಮ ಹಿರಿಯರ ಬಾಯಲ್ಲಿ ಅದು ಇನ್ನೂ ವಿಕ್ರಾಂತೇ. ಅಲ್ಲೋ, ಪಕ್ಕದ ಹೆಬ್ಬಾಳದ ಶೆಡ್ಡುಗಳಲ್ಲೋ ಬೆವರು ಸುರಿಸಿ ಅವರು ನಿಮ್ಮನ್ನು ಡಿಗ್ರಿಗೆ ಸೇರಿಸಿದ್ದಾರೆ. ಮನೆತನದಲ್ಲೇ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರು ನಿಮ್ಮಲ್ಲಿ ಬಹಳ ಮಂದಿ. ಮುಂದೇನು ಎಂದು ಕೇಳಿದರೆ ಹಲವರು ಕಣ್ಣರಳಿಸಿ ಹೇಳುವುದು ಒಂದೇ ಮಾತು: ‘ಪೊಲೀಸ್ ಆಗಬೇಕು.’

ಆ ಮಾತು ಕೇಳಿದಾಗ ಹೆಮ್ಮೆಯಾಗುತ್ತದೆ. ಅದರ ಬೆನ್ನಿಗೇ ಬರುವ ಇನ್ನೊಂದು ಮಾತು ಆತಂಕ ಹುಟ್ಟಿಸುತ್ತದೆ: ‘ಡಿಗ್ರಿ ಹೇಗೋ ಮುಗಿಸ್ತೀನಿ. ನೋಟಿಫಿಕೇಶನ್ ಬಂದ ಮೇಲೆ ಕೋಚಿಂಗ್ ಸೇರ್ತೀನಿ.’ ಈ ಲೆಕ್ಕಾಚಾರದಲ್ಲಿ ಕಾಲೇಜಿನ ವರ್ಷಗಳು ಬರೀ ಕಾಯುವ ಕಾಲವಾಗಿಬಿಡುತ್ತವೆ. ಪಿಎಸ್‌ಐ ಹುದ್ದೆಗೆ ಪದವಿ ಬೇಕೆಂದು ಸರ್ಕಾರ ಸುಮ್ಮನೆ ಕೇಳಿಲ್ಲ. ನೀವು ಇಂದು ಕುಳಿತಿರುವ ತರಗತಿಯಲ್ಲೇ ಆ ಕೆಲಸದ ತಯಾರಿ ಆಗಬೇಕು. ಕನ್ನಡದ ಪ್ರಬಂಧ, ರಸಾಯನಶಾಸ್ತ್ರದ ಲ್ಯಾಬು, ಕಾಮರ್ಸ್‌ನ ಲೆಡ್ಜರು, ಸಂವಿಧಾನದ ಪಾಠ ಇವೆಲ್ಲ ನಾಳೆ ಠಾಣೆಯಲ್ಲಿ ಯಾರದೋ ಬದುಕನ್ನು ಉಳಿಸುವ ವಿದ್ಯೆಗಳು. ಅರೆಬರೆ ಕಲಿತರೆ ಕೆಡಿಸುವ ವಿದ್ಯೆಗಳೂ ಹೌದು.

ಓದಿದವರು ಕಟ್ಟಿದ ಕಸುಬು

ಬೆರಳಚ್ಚಿನಿಂದ ಕಳ್ಳನನ್ನು ಹಿಡಿಯುವ ವಿದ್ಯೆ ಜಗತ್ತಿನ ಹಲವು ಕಡೆಗೆ ಹರಡಿದ್ದು ನಮ್ಮ ದೇಶದಿಂದ. ಜಗತ್ತಿನ ಮೊದಲ ಬೆರಳಚ್ಚು ಬ್ಯೂರೋ 1897ರಲ್ಲಿ ಕಲ್ಕತ್ತೆಯಲ್ಲಿ ಶುರುವಾಯಿತು. ಸಾವಿರಾರು ಬೆರಳಚ್ಚುಗಳ ನಡುವೆ ಬೇಕಾದ ಒಂದನ್ನು ಹುಡುಕುವುದು ಹೇಗೆ ಎಂಬುದೇ ಆಗಿನ ಕಗ್ಗಂಟು. ಅದನ್ನು ಬಿಡಿಸಿದವರಲ್ಲಿ ಪ್ರಮುಖರು ಅಜೀಜುಲ್ ಹಕ್ ಎಂಬ ಸಬ್ ಇನ್‌ಸ್ಪೆಕ್ಟರ್. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಓದಿದ್ದ ಅವರು ಗಣಿತದ ಸೂತ್ರವೊಂದನ್ನು ಕಟ್ಟಿ, ಬೆರಳಚ್ಚುಗಳನ್ನು 1,024 ಗೂಡುಗಳಲ್ಲಿ ವಿಂಗಡಿಸುವ ದಾರಿ ತೋರಿಸಿದರು. ಹೇಮಚಂದ್ರ ಬೋಸ್ ಎಂಬ ಇನ್ನೊಬ್ಬ ಅಧಿಕಾರಿ ಜೊತೆಗಿದ್ದರು. ಆ ಪದ್ಧತಿಗೆ ಅವರ ಮೇಲಧಿಕಾರಿ ಹೆನ್ರಿಯ ಹೆಸರು ಬಿತ್ತು. 1901ರಲ್ಲಿ ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡ್ ಅದನ್ನೇ ಅಳವಡಿಸಿಕೊಂಡಿತು. ಲಾಠಿಯಿಂದ ಆಗದ ಕೆಲಸವನ್ನು ಕಾಲೇಜಿನ ಗಣಿತ ಮಾಡಿತು.

ಇನ್ನೊಂದು ಸಂಗತಿ ನೋಡಿ. ನಮ್ಮ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರ ಜುಲೈನಲ್ಲಿ. ಅದೇ ವರ್ಷ ಅಮೆರಿಕದ ಬರ್ಕ್ಲಿಯಲ್ಲಿ ಆಗಸ್ಟ್ ವಾಲ್ಮರ್ ಎಂಬ ಪೊಲೀಸ್ ಮುಖ್ಯಸ್ಥರು ಅಲ್ಲಿನ ವಿಶ್ವವಿದ್ಯಾನಿಲಯದ ಬಾಗಿಲು ತಟ್ಟಿ ಪೊಲೀಸರಿಗಾಗಿ ತರಗತಿ ಆರಂಭಿಸಿದರು. ಸ್ವತಃ ಕಾಲೇಜು ಓದಿದವರಲ್ಲ ಅವರು. ತಮಗೆ ದಕ್ಕದ ಓದು ತಮ್ಮ ಸಿಬ್ಬಂದಿಗೆ ದಕ್ಕಲಿ ಎಂದು ವಿದ್ಯಾರ್ಥಿಗಳನ್ನೇ ಕರೆದು ಪೊಲೀಸ್ ಕೆಲಸ ಕೊಟ್ಟರು. ಜನ ಮೊದಲು ನಕ್ಕರು, ಆಮೇಲೆ ಆ ಊರಿನ ಪೊಲೀಸ್ ವ್ಯವಸ್ಥೆಯನ್ನೇ ಮಾದರಿ ಎಂದರು. ವಾಲ್ಮರ್ ಕಷ್ಟಪಟ್ಟು ಹುಡುಕಿಕೊಂಡು ಹೋದದ್ದು ನಿಮಗೆ ಮನೆಯಿಂದ ಸಿಟಿ ಬಸ್ಸಿನ ದೂರದಲ್ಲಿದೆ. ಅದರ ಬೆಲೆ ತಿಳಿಯಿರಿ.

ಠಾಣೆಯ ಮೇಜಿನ ಮುಂದೆ

ರಾತ್ರಿ ಹನ್ನೊಂದೂವರೆ ಎಂದಿಟ್ಟುಕೊಳ್ಳಿ. ಎರಡನೇ ಪಾಳಿ ಮುಗಿಸಿ ಬರುತ್ತಿದ್ದ ಹೆಣ್ಣುಮಗಳೊಬ್ಬಳ ಕೊರಳಿನ ಸರವನ್ನು ಬೈಕಿನಲ್ಲಿ ಬಂದವರು ಕಿತ್ತುಕೊಂಡು ಹೋಗಿದ್ದಾರೆ. ಆಕೆ ಠಾಣೆಗೆ ಬಂದು ನಿಂತಿದ್ದಾಳೆ. ಕೊರಳಲ್ಲಿ ಗೀರು, ಕೈಯಲ್ಲಿ ನಡುಕ. ಹೇಳುವ ಮಾತಿಗೆ ಹಿಂದುಮುಂದಿಲ್ಲ. ಸಾಲ ಮಾಡಿ ಮಾಡಿಸಿದ್ದ ಸರ ಅದು ಎನ್ನುತ್ತಾಳೆ, ಮನೆಯಲ್ಲಿ ಏನೆಂದು ಹೇಳಲಿ ಎಂದು ಅಳುತ್ತಾಳೆ, ಬೈಕು ಕಪ್ಪಗಿತ್ತು ಎಂದವಳು ಮರುಕ್ಷಣವೇ ಗೊತ್ತಿಲ್ಲ ಎನ್ನುತ್ತಾಳೆ.

ಮೇಜಿನ ಆಚೆ ಕುಳಿತವರು ನೀವು. ಮೊದಲು ಆಕೆಗೆ ಕುರ್ಚಿ, ನೀರು. ಆಮೇಲೆ ಒಂದೊಂದಾಗಿ ಕೇಳಬೇಕು. ಬಸ್ಸಿಳಿದದ್ದು ಎಷ್ಟು ಗಂಟೆಗೆ? ಬೀದಿದೀಪ ಉರಿಯುತ್ತಿತ್ತೇ? ಬೈಕು ಹಿಂದಿನಿಂದ ಬಂತೇ, ಎದುರಿನಿಂದಲೇ? ಹಿಂದೆ ಕುಳಿತವನ ತಲೆಗೆ ಹೆಲ್ಮೆಟ್ ಇತ್ತೇ? ಹೋದದ್ದು ಯಾವ ಕಡೆಗೆ? ಆಕೆ ಹೇಳದ್ದನ್ನು ಸೇರಿಸದೆ, ಹೇಳಿದ್ದನ್ನು ಬಿಡದೆ ಕ್ರಮವಾಗಿ ಬರೆದು, ಓದಿ ಹೇಳಿ, ಸಹಿ ಹಾಕಿಸಿಕೊಂಡು, ಪ್ರತಿಯನ್ನು ಉಚಿತವಾಗಿ ಆಕೆಯ ಕೈಗಿಡಬೇಕು. ಹಳೆಯ ದಂಡ ಸಂಹಿತೆಯಲ್ಲಿ ಹೀಗೆ ಕಸಿದುಕೊಂಡು ಹೋಗುವುದಕ್ಕೆ ಪ್ರತ್ಯೇಕ ಕಲಂ ಇರಲಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 304ನೇ ಕಲಂ ಇದೆ. ಘಟನೆ ನಡೆದ ಜಾಗ ಪಕ್ಕದ ಠಾಣೆಯ ಸರಹದ್ದಿಗೆ ಸೇರಿದ್ದರೂ ‘ಅಲ್ಲಿಗೆ ಹೋಗಮ್ಮ’ ಎಂದು ಸಾಗಹಾಕುವಂತಿಲ್ಲ. ಅದೇ ದಿನ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ದೂರನ್ನು ಅಲ್ಲೇ ದಾಖಲಿಸಿಕೊಳ್ಳಬೇಕು. ಇದನ್ನೇ ಝೀರೋ ಎಫ್‌ಐಆರ್ ಎನ್ನುವುದು.

ಬೆಳಗಾದರೆ ಸ್ಥಳ ಮಹಜರು. ಪಂಚರನ್ನು ಕರೆದು, ಜಾಗದ ಚೆಕ್ಕುಬಂದಿ ಬರೆದು, ಪೂರ್ವಕ್ಕೆ ಏನಿದೆ, ಪಶ್ಚಿಮಕ್ಕೆ ಏನಿದೆ, ದೀಪದ ಕಂಬ ಎಷ್ಟು ಅಡಿ ದೂರ ಎಂದು ನಕ್ಷೆ ಹಾಕಬೇಕು. ಕಳವಿನ ಮಾಲಿಗಾಗಿ ಶೋಧ ನಡೆಸಿದರೆ ಅದರ ವಿಡಿಯೊ ಚಿತ್ರೀಕರಣವೂ ಈಗ ಕಡ್ಡಾಯ. ವರ್ಷಗಳು ಕಳೆದು ನ್ಯಾಯಾಲಯದ ಕಟಕಟೆಯಲ್ಲಿ ಪಾಟೀಸವಾಲು ನಡೆಯುವಾಗ ವಕೀಲರು ಹಿಡಿಯುವುದು ಇದೇ ಕಾಗದವನ್ನು. ಎಫ್‌ಐಆರ್‌ನಲ್ಲಿ ಒಂದು ಸಮಯ, ಮಹಜರಿನಲ್ಲಿ ಇನ್ನೊಂದು ಸಮಯ ಇದ್ದರೆ ಸಾಕು, ಸಂಶಯದ ಲಾಭ ಆರೋಪಿಗೆ. ಆ ಹೆಣ್ಣುಮಗಳು ವರ್ಷಗಟ್ಟಲೆ ಅಲೆದದ್ದು ವ್ಯರ್ಥವಾಗುತ್ತದೆ.

ಪಿಎಸ್‌ಐ ಪರೀಕ್ಷೆಯ ಮೊದಲ ಪತ್ರಿಕೆಯ 50 ಅಂಕಗಳನ್ನು ಪ್ರಬಂಧ, ಸಾರಾಂಶ ಮತ್ತು ಭಾಷಾಂತರಕ್ಕೆ ಮೀಸಲಿಟ್ಟಿರುವುದು ಏಕೆಂದು ಈಗ ಅರ್ಥವಾಯಿತಲ್ಲ? ಕನ್ನಡ ತರಗತಿಗೆ ಚಕ್ಕರ್ ಹೊಡೆಯುವವರು ಕಳೆದುಕೊಳ್ಳುವುದು ಬರೀ ಅಂಕವನ್ನಲ್ಲ. ನೊಂದವರ ಮಾತನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸುವ ಶಕ್ತಿಯನ್ನೇ ಕಳೆದುಕೊಳ್ಳುತ್ತಾರೆ. ದಿನಕ್ಕೊಂದು ಪುಟ ಬರೆಯಿರಿ. ಕಂಡ ಘಟನೆಯನ್ನು ಹಾಗೆಯೇ, ಬಣ್ಣ ಕಟ್ಟದೆ ಬರೆಯಿರಿ. ಇಂಗ್ಲಿಷ್ ಪತ್ರಿಕೆಯ ಒಂದು ಪ್ಯಾರಾ ಕನ್ನಡಕ್ಕೆ, ಕನ್ನಡದ್ದು ಇಂಗ್ಲಿಷಿಗೆ ತನ್ನಿ. ಇದಕ್ಕೆ ಕೋಚಿಂಗ್ ಫೀಸು ಬೇಕಿಲ್ಲ.

ನಿಮ್ಮ ಪದವಿ ಯಾವುದೇ ಇರಲಿ

‘ನಾನು ಬಿ.ಕಾಂ., ಪೊಲೀಸಿಗೂ ನನ್ನ ಓದಿಗೂ ಏನು ಸಂಬಂಧ?’ ಎನ್ನಬೇಡಿ. ಇಂದಿನ ಕಳ್ಳ ಕಿಟಕಿ ಮುರಿದು ಬರುವುದಕ್ಕಿಂತ ಹೆಚ್ಚಾಗಿ ಫೋನಿನೊಳಗೆ ಬರುತ್ತಾನೆ. ನಿವೃತ್ತ ಕಾರ್ಮಿಕರೊಬ್ಬರ ಪಿ.ಎಫ್. ಹಣವನ್ನು ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ ದೋಚುತ್ತಾನೆ. ಅಂಥದ್ದೊಂದು ಬಂಧನ ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ದೋಚಿದ ಹಣ ಒಂದು ಖಾತೆಯಿಂದ ಹತ್ತು ಖಾತೆಗೆ, ಅಲ್ಲಿಂದ ನೂರಕ್ಕೆ ಹರಿಯುತ್ತದೆ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಬಂದರೆ ಆ ಹರಿವನ್ನು ನಡುವೆಯೇ ತಡೆಯಬಹುದು. ತಡೆಯಬೇಕಾದವರಿಗೆ ಬ್ಯಾಂಕ್ ಸ್ಟೇಟ್‌ಮೆಂಟ್ ಓದಲು ಬರಬೇಕು. ದೇಶದ ಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲಿ ತೆರೆದದ್ದು ನಮ್ಮ ಬೆಂಗಳೂರಿನಲ್ಲಿ. ಇಂದು ಜಿಲ್ಲೆಗಳಲ್ಲೆಲ್ಲ ಸೈಬರ್, ಆರ್ಥಿಕ ಮತ್ತು ಮಾದಕ ವಸ್ತು ಅಪರಾಧಗಳನ್ನು ನೋಡಿಕೊಳ್ಳುವ ಸೆನ್ ಠಾಣೆಗಳಿವೆ. ಅಲ್ಲಿ ಲೆಕ್ಕಪತ್ರ ಬಲ್ಲವರು, ಕಂಪ್ಯೂಟರ್ ಬಲ್ಲವರು ಬೇಕು.

ವಿಜ್ಞಾನದ ವಿದ್ಯಾರ್ಥಿಗಳೇ, 2025ರ ಜುಲೈನಲ್ಲಿ ನಮ್ಮ ಮೈಸೂರಿನ ಹೊರವಲಯದ ಶೆಡ್ಡೊಂದರಲ್ಲಿ ಮಾದಕ ವಸ್ತು ತಯಾರಾಗುತ್ತಿದ್ದುದನ್ನು ಮುಂಬೈ ಪೊಲೀಸರು ಬಂದು ಪತ್ತೆ ಮಾಡಿದರು. ಆ ಸುದ್ದಿ ಓದಿ ಊರೇ ತಲೆತಗ್ಗಿಸಿತು. ಇಂಥ ಕಡೆ ಮೂಗಿಗೆ ಬಡಿಯುವ ವಾಸನೆ ಯಾವುದರದ್ದು, ಈ ಡ್ರಮ್ಮುಗಳು ಇಲ್ಲಿಗೇಕೆ ಬಂದವು ಎಂದು ಅನುಮಾನಿಸಬಲ್ಲ ಬೀಟ್ ಸಿಬ್ಬಂದಿ ನಮ್ಮವರೇ ಆಗಬೇಡವೇ? ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಲೇಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಂ ಹೇಳುತ್ತದೆ. ಆ ನಿಯಮ ನೆಲಕ್ಕಿಳಿದಂತೆಲ್ಲ ಪ್ರಯೋಗಾಲಯಗಳಿಗೆ ಕೈಗಳು ಬೇಕಾಗುತ್ತವೆ. ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯ ಮೈಸೂರಿನಲ್ಲೇ ಇದೆ.

ಇನ್ನು ಈ ವಿಷಯವನ್ನೇ ಓದಬೇಕೆಂದಿದ್ದರೆ ರಾಜ್ಯದ ಹೊರಗೆ ಹೋಗಬೇಕಿಲ್ಲ. ಮಹಾರಾಜ ಕಾಲೇಜಿನಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನ ವಿಭಾಗವಿದೆ. ಸ್ನಾತಕೋತ್ತರ ಓದಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಇದೆ. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಧಾರವಾಡದಲ್ಲೂ, ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯದ ಕ್ಯಾಂಪಸ್ ಶಿವಮೊಗ್ಗದಲ್ಲೂ ಇವೆ. ಆಯ್ಕೆಯಾದ ಪಿಎಸ್‌ಐಗಳನ್ನೂ ಡಿವೈಎಸ್‌ಪಿಗಳನ್ನೂ ತಯಾರು ಮಾಡುವ ಕರ್ನಾಟಕ ಪೊಲೀಸ್ ಅಕಾಡೆಮಿ ನಮ್ಮ ಊರಿನದೇ. ರಾಜ್ಯದ ಮೂಲೆ ಮೂಲೆಯಿಂದ ಕನಸು ಕಟ್ಟಿಕೊಂಡು ಮೈಸೂರಿಗೆ ಬರುತ್ತಾರೆ. ಇಲ್ಲೇ ಹುಟ್ಟಿದ ನೀವು ಹಿಂದೆ ಬೀಳಬಾರದು.

ಮೈ ಗಟ್ಟಿ, ಕೈ ಶುದ್ಧ

ದೇಹ ಒಂದು ತಿಂಗಳಲ್ಲಿ ತಯಾರಾಗುವುದಿಲ್ಲ. ಸಿವಿಲ್ ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಹುಡುಗರು 1,600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಬೇಕು, ಹುಡುಗಿಯರು 400 ಮೀಟರನ್ನು ಎರಡು ನಿಮಿಷದೊಳಗೆ. ಉದ್ದ ಜಿಗಿತ ಅಥವಾ ಎತ್ತರ ಜಿಗಿತ ಇದೆ, ಗುಂಡು ಎಸೆತ ಇದೆ. ಎತ್ತರ ಹುಡುಗರಿಗೆ 168 ಸೆಂಟಿಮೀಟರ್, ಹುಡುಗಿಯರಿಗೆ 157. ಪ್ರತಿ ಅಧಿಸೂಚನೆಯನ್ನೂ ಕಣ್ಣಾರೆ ಓದಿ ಖಚಿತಪಡಿಸಿಕೊಳ್ಳಿ, ಯಾರೋ ಹೇಳಿದ್ದನ್ನು ನಂಬಬೇಡಿ. ಓವಲ್ ಮೈದಾನ, ಕುಕ್ಕರಹಳ್ಳಿ ಕೆರೆಯ ಏರಿ, ಚಾಮುಂಡಿ ಬೆಟ್ಟದ ಮೆಟ್ಟಿಲು ಯಾವುದಕ್ಕೂ ಟಿಕೆಟ್ಟಿಲ್ಲ. ಅಲ್ಲಿಗೆ ಹೋಗಲಾಗದಿದ್ದರೆ ಮನೆ ಹತ್ತಿರದ ಬಯಲೇ ಸಾಕು. ಎನ್‌ಸಿಸಿ ಇರುವ ಕಾಲೇಜಾದರೆ ಮೊದಲ ವರ್ಷವೇ ಹೆಸರು ಕೊಡಿ. ಮಳೆಯಲ್ಲೂ ಚಳಿಯಲ್ಲೂ ಸಮಯಕ್ಕೆ ಸರಿಯಾಗಿ ಸಾಲಿನಲ್ಲಿ ನಿಲ್ಲುವ ಶಿಸ್ತು ಪುಸ್ತಕದಿಂದ ಬರುವುದಿಲ್ಲ.

ಮೈ ಗಟ್ಟಿಯಾದರೆ ಸಾಲದು. 2021ರ ಅಕ್ಟೋಬರ್ 3ರಂದು 545 ಪಿಎಸ್‌ಐ ಹುದ್ದೆಗಳಿಗೆ 54 ಸಾವಿರಕ್ಕೂ ಹೆಚ್ಚು ಮಂದಿ ಪರೀಕ್ಷೆ ಬರೆದರು. ಉತ್ತರ ಪತ್ರಿಕೆ ತಿದ್ದಿದ್ದು, ಬ್ಲೂಟೂತ್ ಬಳಸಿದ್ದು ಬಯಲಾಯಿತು. 2022ರ ಏಪ್ರಿಲ್‌ನಲ್ಲಿ ಸರ್ಕಾರ ಪರೀಕ್ಷೆಯನ್ನೇ ರದ್ದು ಮಾಡಿತು. ಅಭ್ಯರ್ಥಿಗಳು ಮಾತ್ರವಲ್ಲ, ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಅಧಿಕಾರಿಯನ್ನೂ ಸಿಐಡಿ ಬಂಧಿಸಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ರಾತ್ರಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿ ಪ್ರಾಮಾಣಿಕವಾಗಿ ಬರೆದವರ ಎರಡು ವರ್ಷಕ್ಕೂ ಹೆಚ್ಚು ಕಾಲ ಮಣ್ಣುಪಾಲಾಯಿತು. ಎಷ್ಟು ಮನೆಗಳಲ್ಲಿ ಅಪ್ಪ ಅಮ್ಮ ಮೌನವಾಗಿ ಕೊರಗಿದರೋ!

ಲಕ್ಷ ಲಕ್ಷ ಕೊಟ್ಟು ಹುದ್ದೆ ಕೊಳ್ಳುವವನು ಮೊದಲ ದಿನದಿಂದಲೇ ಆ ದುಡ್ಡನ್ನು ಬಡವರಿಂದ ವಸೂಲಿ ಮಾಡಲು ಕೂರುತ್ತಾನೆ. ಆದ್ದರಿಂದ ದಲ್ಲಾಳಿ ನಿಮ್ಮ ಮನೆ ಬಾಗಿಲಿಗೆ ಬಂದರೆ ಒಳಗೆ ಕರೆಯಬೇಡಿ. ನಿವೇಶನ ಮಾರಲು ಹೊರಟ ಅಪ್ಪನ ಕೈ ಹಿಡಿದು ನಿಲ್ಲಿಸಿ. ಕಾಲೇಜಿನಲ್ಲೇ ಈ ಪರೀಕ್ಷೆ ಶುರುವಾಗುತ್ತದೆ: ಇಂಟರ್ನಲ್ಸ್‌ನಲ್ಲಿ ಚೀಟಿ ಇಡದಿರುವುದು, ಹಾಜರಾತಿಗೆ ಸುಳ್ಳು ಸಹಿ ಹಾಕದಿರುವುದು. ಕಮಿಷನ್ ಆಸೆಗೆ ನಿಮ್ಮ ಬ್ಯಾಂಕ್ ಖಾತೆಯನ್ನೋ ಸಿಮ್ಮನ್ನೋ ಯಾರಿಗೂ ಕೊಡಬೇಡಿ. ಆ ಖಾತೆಗೆ ವಂಚನೆಯ ಹಣ ಬಿದ್ದರೆ ನೀವೇ ಆರೋಪಿಗಳು, ಪೂರ್ವಾಪರ ಪರಿಶೀಲನೆಯಲ್ಲಿ ನಿಮ್ಮ ಕನಸು ಅಲ್ಲಿಗೇ ಮುಗಿಯಿತು. ಜಾತಿ ಧರ್ಮದ ಹೆಸರಿನಲ್ಲಿ ಬೆಂಕಿ ಹಚ್ಚುವ ಪೋಸ್ಟುಗಳಿಗೂ ಇದೇ ಮಾತು. ನಾಳೆ ಎರಡು ಗುಂಪುಗಳ ನಡುವೆ ನಿಲ್ಲಬೇಕಾದವರು ಇಂದು ಒಂದು ಗುಂಪಿನ ಕಲ್ಲಾಗಬಾರದು.

ಯಾರಿಗಾಗಿ ಈ ಸಮವಸ್ತ್ರ

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೊ ಕಾಯ್ದೆಯಲ್ಲಿ ಒಂದು ನಿಯಮವಿದೆ. ಮಗುವಿನ ಹೇಳಿಕೆ ಪಡೆಯುವ ಅಧಿಕಾರಿ ಸಮವಸ್ತ್ರದಲ್ಲಿ ಇರಕೂಡದು. ಮಗುವಿನ ಮನೆಗೋ, ಅದಕ್ಕೆ ಹಿತವೆನಿಸುವ ಜಾಗಕ್ಕೋ ಹೋಗಿ ಕೂತು ಕೇಳಬೇಕು. ಸಾಧ್ಯವಾದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ ಹೋಗಬೇಕು. ಖಾಕಿ ತೊಡಲು ಹಂಬಲಿಸುವ ನೀವು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಅಧಿಕಾರ ತೋರಿಸುವುದು ಸುಲಭ. ಹೆದರಿದ ಜೀವದ ಮುಂದೆ ಅಧಿಕಾರವನ್ನು ಕಳಚಿಟ್ಟು ಕೂರುವುದಕ್ಕೆ ಮನಶ್ಶಾಸ್ತ್ರ ಬೇಕು, ಸಮಾಜಶಾಸ್ತ್ರ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಅಂತಃಕರಣ ಬೇಕು.

ಹೆಣ್ಣುಮಕ್ಕಳೇ, ಈ ಕೆಲಸ ನಿಮ್ಮನ್ನು ವಿಶೇಷವಾಗಿ ಕಾಯುತ್ತಿದೆ. 1975ರಲ್ಲಿ ಜಿಜಾ ಹರಿಸಿಂಗ್ ಐಪಿಎಸ್ ಸೇರಿ ನಮ್ಮ ರಾಜ್ಯಕ್ಕೆ ಬಂದಾಗ ದಕ್ಷಿಣ ಭಾರತದಲ್ಲಿ ಆ ಹುದ್ದೆಗೇರಿದ ಮೊದಲ ಮಹಿಳೆ ಅವರು. 2017ರಲ್ಲಿ ನೀಲಮಣಿ ರಾಜು ಇಡೀ ರಾಜ್ಯದ ಪೊಲೀಸ್ ಪಡೆಯ ಮುಖ್ಯಸ್ಥರಾದರು. ‘ಹೆಣ್ಣುಮಗು, ರಾತ್ರಿ ಡ್ಯೂಟಿ ಬೇಡ’ ಎನ್ನುವ ಮನೆಯವರಿಗೆ ಹೇಳಿ: ರಾತ್ರಿ ಠಾಣೆಗೆ ಓಡಿ ಬರುವ ಹೆಣ್ಣಿಗೆ ಅಲ್ಲೊಬ್ಬಳು ಹೆಣ್ಣಿರಬೇಕು, ಅದು ನಾನಾಗುತ್ತೇನೆ.

ಈ ಕೆಲಸದ ಬೆಲೆಯನ್ನೂ ಮುಚ್ಚಿಡಬಾರದು. ಮಲೆ ಮಹದೇಶ್ವರ ಬೆಟ್ಟದ ಸೀಮೆ ಮೈಸೂರು ಜಿಲ್ಲೆಗೇ ಸೇರಿದ್ದ ಕಾಲದಲ್ಲಿ, 1992ರ ಆಗಸ್ಟ್ 14ರಂದು, ಮೀಣ್ಯಂ ಬಳಿ ವೀರಪ್ಪನ್ ತಂಡದ ಹೊಂಚಿಗೆ ಎಸ್‌ಪಿ ಹರಿಕೃಷ್ಣ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಮತ್ತು ಅವರ ಜೊತೆಗಿದ್ದ ಸಿಬ್ಬಂದಿ ಬಲಿಯಾದರು. ಪ್ರತಿ ವರ್ಷ ಅಕ್ಟೋಬರ್ 21ರಂದು ದೇಶ ಇಂಥವರನ್ನು ನೆನೆಯುತ್ತದೆ. ಹಬ್ಬದ ದಿನ ಊರೆಲ್ಲ ಮನೆಯಲ್ಲಿದ್ದರೆ ಪೊಲೀಸರು ಬಂದೋಬಸ್ತ್‌ನಲ್ಲಿ ಇರುತ್ತಾರೆ. ದಸರಾ ಜಂಬೂಸವಾರಿಯನ್ನು ಲಕ್ಷಾಂತರ ಜನ ನೋಡುವಾಗ ಅವರು ಮೆರವಣಿಗೆಗೆ ಬೆನ್ನು ಹಾಕಿ ಜನರನ್ನು ನೋಡುತ್ತಿರುತ್ತಾರೆ. ಇಷ್ಟಕ್ಕೂ ಸಿದ್ಧರಿದ್ದರೆ ಬನ್ನಿ. ಬುಲೆಟ್ ಬೈಕು, ಕೂಲಿಂಗ್ ಗ್ಲಾಸು, ಸಿನಿಮಾದ ಡೈಲಾಗು ಕಂಡು ಬರಬೇಡಿ.

ಕಾಲೇಜುಗಳಿಗೂ ಒಂದು ಮಾತು. ಪ್ರಾಂಶುಪಾಲರೇ, ಅಧ್ಯಾಪಕರೇ, ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಹತ್ತಿರದ ಠಾಣೆಗೆ, ನ್ಯಾಯಾಲಯಕ್ಕೆ ಕರೆದೊಯ್ಯಿರಿ. ಎಫ್‌ಐಆರ್ ಹೇಗಿರುತ್ತದೆ, ಪಾಟೀಸವಾಲು ಹೇಗೆ ನಡೆಯುತ್ತದೆ ಎಂದು ಕಣ್ಣಾರೆ ಕಾಣಲಿ. ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆನ್ನುವ ಸಂವಿಧಾನದ 22ನೇ ವಿಧಿಯನ್ನು ಐದು ಅಂಕದ ಪ್ರಶ್ನೆಯಾಗಿ ಮಾತ್ರ ಕಲಿಸಬೇಡಿ. ಅದು ಒಬ್ಬ ಬಡವನ ಬೆನ್ನಿನ ರಕ್ಷಣೆ ಎಂದು ಕಲಿಸಿ. ಗ್ರಂಥಾಲಯದಲ್ಲಿ ಹೊಸ ಸಂಹಿತೆಗಳ ಕನ್ನಡ ಪ್ರತಿ ಇಡಿ.

ಹುದ್ದೆಗಳು ಕಡಿಮೆ, ಆಕಾಂಕ್ಷಿಗಳು ಅಪಾರ ಎಂಬುದು ನಿಮಗೂ ಗೊತ್ತು. ಎಲ್ಲರಿಗೂ ಖಾಕಿ ಸಿಗುವುದಿಲ್ಲ. ಡಿಗ್ರಿಯನ್ನು ಕಡೆಗಣಿಸಿ ಬರೀ ಗೈಡು ಉರು ಹೊಡೆದವರಿಗೆ ಆಗ ಕೈಯಲ್ಲಿ ಏನೂ ಉಳಿಯುವುದಿಲ್ಲ. ಪದವಿಯನ್ನು ಮನಸ್ಸಿಟ್ಟು ಓದಿದವರಿಗೆ ದಾರಿಗಳಿವೆ: ವಿಧಿವಿಜ್ಞಾನ ಪ್ರಯೋಗಾಲಯ, ಕಾರಾಗೃಹ, ಅಬಕಾರಿ, ಅರಣ್ಯ, ಅಗ್ನಿಶಾಮಕ, ಕಾನೂನು ಓದಿದರೆ ಸರ್ಕಾರಿ ಅಭಿಯೋಜಕರ ಹುದ್ದೆ, ಬ್ಯಾಂಕುಗಳ ವಂಚನೆ ತಡೆ ವಿಭಾಗ. ನ್ಯಾಯದ ಪರ ದುಡಿಯುವ ಕೈಗೆ ಎಲ್ಲಿಯಾದರೂ ಕೆಲಸ ಇದ್ದೇ ಇದೆ.

ಆದ್ದರಿಂದ ಮೇಟಗಳ್ಳಿಯ ಮಕ್ಕಳೇ, ಅಧಿಸೂಚನೆಗೆ ಕಾಯಬೇಡಿ. ನಾಳೆ ಬೆಳಿಗ್ಗೆ ಐದಕ್ಕೆ ಎದ್ದು ಓಡಿ. ಹತ್ತಕ್ಕೆ ತರಗತಿಯ ಮೊದಲ ಬೆಂಚಿನಲ್ಲಿ ಕೂತುಕೊಳ್ಳಿ. ಸಂಜೆ ಒಂದು ಪುಟ ಬರೆಯಿರಿ. ವಾರಕ್ಕೊಮ್ಮೆ ಸಂವಿಧಾನದ ಒಂದು ವಿಧಿಯನ್ನು ಗೆಳೆಯರೊಂದಿಗೆ ಕೂತು ಚರ್ಚಿಸಿ. ನಿಮ್ಮ ಬೀದಿಯ ಅಜ್ಜಿಗೆ ಸೈಬರ್ ವಂಚನೆಗೆ 1930, ತುರ್ತು ನೆರವಿಗೆ 112 ಎಂಬ ಎರಡು ನಂಬರು ಹೇಳಿಕೊಡಿ. ಇಷ್ಟು ಮಾಡಿದ ದಿನವೇ ನೀವು ಅರ್ಧ ಪೊಲೀಸ್. ಉಳಿದರ್ಧವನ್ನು ಅಕಾಡೆಮಿ ಕಲಿಸುತ್ತದೆ. ನಿಮ್ಮ ಅಪ್ಪ ಅಮ್ಮ ಠಾಣೆಯ ಮುಂದೆ ಹಾದುಹೋಗುವಾಗ ಇಂದಿಗೂ ಒಂದು ಕ್ಷಣ ಅಳುಕುತ್ತಾರೆ. ಆ ಅಳುಕನ್ನು ಈ ಊರಿನಿಂದ ಓಡಿಸುವ ಪೀಳಿಗೆ ನಿಮ್ಮದಾಗಲಿ. ಓದಿ, ಓಡಿ, ನೆಟ್ಟಗೆ ನಿಲ್ಲಿ, ಮೈಸೂರಿಗೆ ನಿಮ್ಮಂಥ ಪೊಲೀಸರು ಬೇಕು.